ಮೀನಿನ ಸಾರನ್ನು ದಾಟಿ: ನಾಗೋಯಾದಲ್ಲಿ ಮೂರು ತಿಂಗಳ ಸಸ್ಯಾಹಾರ

ಪ್ರಶ್ನೆ: ನಾನು ಹುಬ್ಬಳ್ಳಿಯವನು. ವಾಹನದ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್. ಮುಂದಿನ ತಿಂಗಳು ಜಪಾನಿನ ನಾಗೋಯಾ ಹತ್ತಿರದ ಕಾರ್ಖಾನೆಗೆ ಮೂರು ತಿಂಗಳ ಕೆಲಸಕ್ಕೆ ಹೋಗಬೇಕು. ಮಾಂಸ, ಮೀನು, ಮೊಟ್ಟೆ ಯಾವುದೂ ತಿನ್ನುವುದಿಲ್ಲ. ಹಾಲು, ಮೊಸರು, ಈರುಳ್ಳಿ, ಬೆಳ್ಳುಳ್ಳಿ ನಡೆಯುತ್ತದೆ. ಹಿಂದೆ ಹೋಗಿದ್ದ ಸಹೋದ್ಯೋಗಿ ಬ್ರೆಡ್ಡು, ಬಾಳೆಹಣ್ಣಿನಲ್ಲೇ ದಿನ ದೂಡಿ ಸೊರಗಿ ಬಂದರು. ಇನ್ನೊಬ್ಬರು ‘ಅಲ್ಲಿ ಮೀನು ತಿನ್ನದೆ ಬದುಕೋಕೆ ಆಗಲ್ಲ, ಸುಮ್ನೆ ಶುರು ಮಾಡು’ ಅನ್ನುತ್ತಾರೆ. ಅಲ್ಲಿನ ಹಿರಿಯ ಅಧಿಕಾರಿಗಳ ಜೊತೆ ಊಟಕ್ಕೆ ಕೂತಾಗ ಏನು ಮಾಡಲಿ? ಇಲ್ಲಿಂದ ಏನೇನು ಒಯ್ಯಲಿ?

ಉತ್ತರ: ಮೀನು ತಿನ್ನಲು ಕಲಿಯಬೇಕಾಗಿಲ್ಲ. ಸೊರಗಬೇಕಾಗಿಯೂ ಇಲ್ಲ. ಆದರೆ ವಿಮಾನ ಹತ್ತುವ ಮೊದಲು ಒಂದು ವಿಷಯ ನೀವೇ ತೀರ್ಮಾನ ಮಾಡಿಕೊಳ್ಳಬೇಕು. ಅದನ್ನು ಮಾಡದೆ ಹೋದವರೇ ಜಾಸ್ತಿ ಒದ್ದಾಡುವುದು.

ಆ ವಿಷಯದ ಹೆಸರು ದಾಶಿ. ಜಪಾನಿನಲ್ಲಿ ತರಕಾರಿಗೆ, ಸೋಯಾಗೆ, ಅನ್ನಕ್ಕೆ ಬರವೇ ಇಲ್ಲ. ತೊಂದರೆ ಇರುವುದು ಅವು ಬೇಯುವ ನೀರಿನಲ್ಲಿ. ಕತ್ಸುಒ ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿ ಕಟ್ಟಿಗೆಯ ಹಾಗೆ ಗಟ್ಟಿಯಾಗುವವರೆಗೆ ಒಣಗಿಸಿ, ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ಸೋಸಿದರೆ ದಾಶಿ ಸಿದ್ಧ. ಹುದುಗಿಸಿದ ಸೋಯಾ ಹಿಟ್ಟಿನ ಮಿಸೊ ಸೂಪಿಗೆ, ಉದೊನ್ ಮತ್ತು ಸೊಬಾ ನೂಡಲ್ಸ್‌ನ ಸಾರಿಗೆ, ಬೇಯಿಸಿದ ಕುಂಬಳಕಾಯಿಗೆ, ಪಾಲಕ್ ಪಲ್ಯಕ್ಕೆ, ಟೆಂಪುರಾ ಎಂಬ ಬಜ್ಜಿಯನ್ನು ಅದ್ದಿಕೊಳ್ಳುವ ರಸಕ್ಕೆ ಎಲ್ಲದಕ್ಕೂ ಇದೇ ಬುನಾದಿ. ತಟ್ಟೆಯಲ್ಲಿ ಮೀನಿನ ತುಂಡು ಕಾಣುವುದಿಲ್ಲ. ಬಡಿಸುವವರಿಗೂ ಅದು ಮೀನು ಅಂತ ಅನ್ನಿಸುವುದಿಲ್ಲ. ‘ಇದರಲ್ಲಿ ಮೀನಿದೆಯಾ’ ಎಂದು ಕೇಳಿದರೆ ‘ಇಲ್ಲ’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ನಮ್ಮ ಪ್ರಶ್ನೆಯೇ ಅವರಿಗೆ ಬೇರೆ ಥರ ಕೇಳಿಸಿರುತ್ತದೆ.

ಹಾಗಾಗಿ ದಾಶಿ ನಡೆಯುತ್ತದೋ ಇಲ್ಲವೋ, ಇಲ್ಲೇ, ಮನೆಯಲ್ಲೇ ಕೂತು ತೀರ್ಮಾನಿಸಿ. ‘ಮೀನಿನ ತುಂಡು ಬೇಡ, ಸಾರಿನಲ್ಲಿ ಇದ್ದರೆ ಕೇಳಲು ಹೋಗಲ್ಲ’ ಎಂದು ಕಣ್ಣು ಮುಚ್ಚಿಕೊಳ್ಳುವ ಸಸ್ಯಾಹಾರಿಗಳು ಬಹಳ ಮಂದಿ ಇದ್ದಾರೆ. ಅವರಿಗೆ ಜಪಾನಿನಲ್ಲಿ ಅರ್ಧ ಹೋಟೆಲು ತೆರೆದುಕೊಳ್ಳುತ್ತದೆ. ‘ಅದೂ ಬೇಡ’ ಅನ್ನುವವರಿಗೆ ದಾರಿ ಕಿರಿದು, ಆದರೆ ದಾರಿ ಇದೆ. ಯಾವುದು ಸರಿ ಎಂದು ಹೇಳುವುದು ನನ್ನ ಕೆಲಸವಲ್ಲ. ಹಸಿದು, ಸುಸ್ತಾಗಿ, ಹತ್ತು ಜನರ ನಡುವೆ ಕೂತಾಗ ಮಾತ್ರ ಇದನ್ನು ತೀರ್ಮಾನಿಸಲು ಹೋಗಬೇಡಿ. ಆಗ ಮಾಡಿದ ತೀರ್ಮಾನ ಆಮೇಲೆ ವಾರಗಟ್ಟಲೆ ಕೊರೆಯುತ್ತದೆ. ನಿಮ್ಮ ಪ್ರಶ್ನೆ ಓದಿದರೆ ನೀವು ‘ಅದೂ ಬೇಡ’ ಎನ್ನುವವರು ಅನ್ನಿಸುತ್ತದೆ. ಮುಂದಿನದೆಲ್ಲ ಹಾಗೆಂದುಕೊಂಡೇ ಬರೆಯುತ್ತೇನೆ.

ಎರಡನೆಯದು, ‘ನಾನು ವೆಜಿಟೇರಿಯನ್’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ನಮ್ಮಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ಬೆಳೆದವರಿಗೆ ಆ ಪದ ಸಾಕು. ಜಪಾನಿನಲ್ಲಿ ಅಂಥ ಕಡ್ಡಾಯ ಗುರುತು ಇಲ್ಲ. ಸಸ್ಯಾಹಾರಿ ಪ್ಯಾಕೆಟ್ ಆಹಾರಕ್ಕೆ ಸರ್ಕಾರಿ ಮಾನದಂಡ ಬಂದಿದ್ದೇ 2022ರಲ್ಲಿ, ಅದೂ ಕಂಪನಿಗಳ ಇಷ್ಟಕ್ಕೆ ಬಿಟ್ಟಿದ್ದು. ಅಲ್ಲಿ ‘ಮಾಂಸ ತಿನ್ನಲ್ಲ’ ಎಂದರೆ ಕೆಲವರು ದನ, ಹಂದಿ ಅಷ್ಟೇ ಅಂದುಕೊಂಡು ಕೋಳಿ ತಂದಿಡುತ್ತಾರೆ. ಸಲಾಡ್ ಮೇಲೆ ಬೇಕನ್ ಚೂರು ಉದುರಿಸಿರುತ್ತಾರೆ. ಆದ್ದರಿಂದ ಪದಾರ್ಥಗಳ ಹೆಸರು ಹಿಡಿದು ಹೇಳಿ. ದನ, ಹಂದಿ, ಕೋಳಿ ಇಲ್ಲ. ಮೀನು, ಸೀಗಡಿ, ಏಡಿ ಇಲ್ಲ. ಮೊಟ್ಟೆ ಇಲ್ಲ. ಮೀನಿನ ದಾಶಿ, ಮಾಂಸದ ಸೂಪು, ಹಂದಿ ಕೊಬ್ಬು ಇಲ್ಲ. ಆಮೇಲೆ, ಇದನ್ನು ಎಷ್ಟೋ ಜನ ಮರೆಯುತ್ತಾರೆ, ಏನು ತಿನ್ನುತ್ತೀರಿ ಎಂದೂ ಹೇಳಿ: ತರಕಾರಿ, ಅಣಬೆ, ಅನ್ನ, ತೋಫು, ಹಾಲು, ಮೊಸರು, ಕೊಂಬು ದಾಶಿ. ಬರೀ ‘ಇಲ್ಲ’ಗಳ ಪಟ್ಟಿ ಕೊಟ್ಟರೆ ಅಡುಗೆಯವರಿಗೆ ದಿಕ್ಕು ತೋಚುವುದಿಲ್ಲ.

ಕೊಂಬು ಎಂದರೆ ಒಂದು ಬಗೆಯ ಕಡಲಕಳೆ. ಅದರಿಂದಲೂ ದಾಶಿ ಮಾಡುತ್ತಾರೆ. 1908ರಲ್ಲಿ ಕಿಕುನಾಯೆ ಇಕೆದಾ ಎಂಬ ವಿಜ್ಞಾನಿ ‘ಉಮಾಮಿ’ ಎಂಬ ರುಚಿಯ ಮೂಲವಾದ ಗ್ಲುಟಮೇಟ್ ಅನ್ನು ಬೇರ್ಪಡಿಸಿದ್ದು ಈ ಕೊಂಬಿನಿಂದಲೇ. ಒಣ ಶೀತಾಕೆ ಅಣಬೆಯ ದಾಶಿಯೂ ಉಂಟು. ಅಂದರೆ ನೀವು ಜಪಾನಿ ಅಡುಗೆಯನ್ನು ಬಿಟ್ಟುಬಿಡಿ ಅಂತ ಕೇಳುತ್ತಿಲ್ಲ. ಅವರದೇ ಅಡುಗೆಮನೆಯ ಇನ್ನೊಂದು ಡಬ್ಬಿ ತೆಗೆಯಿರಿ ಅಂತ ಕೇಳುತ್ತಿದ್ದೀರಿ. ಬೌದ್ಧ ಮಠಗಳ ಶೋಜಿನ್ ರ‍್ಯೋರಿ ಅಡುಗೆ ನಿಂತಿರುವುದೇ ಇದರ ಮೇಲೆ. ‘ಜಪಾನೀಯರಿಗೆ ಸಸ್ಯಾಹಾರ ಗೊತ್ತೇ ಇಲ್ಲ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕ್ರಿ.ಶ. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನುವುದಕ್ಕೆ ನಿರ್ಬಂಧ ಹಾಕಿದ್ದ. ಮೈಜಿ ಚಕ್ರವರ್ತಿ ಗೋಮಾಂಸ ತಿಂದ ಸುದ್ದಿ ಹೊರಬಂದದ್ದು 1872ರಲ್ಲಿ. ನಡುವಿನ ಕಾಲದಲ್ಲಿ ಮಾಂಸ ಪೂರ್ತಿ ನಿಂತಿತ್ತು ಅಂತಲ್ಲ, ಮೀನಂತೂ ಯಾವತ್ತೂ ನಿಲ್ಲಲಿಲ್ಲ. ಆದರೂ ತೋಫು, ಎಳ್ಳು, ಗೆಡ್ಡೆ, ಸೊಪ್ಪಿನ ಅಡುಗೆಯಲ್ಲಿ ಅವರ ಕೈ ಪಳಗಿದ್ದು ಸುಮ್ಮನೆ ಅಲ್ಲ.

ಈಗ ಹಿರಿಯರ ಜೊತೆಗಿನ ಊಟ. ಇದು ನಿಮ್ಮ ನಿಜವಾದ ಚಿಂತೆ, ಅಲ್ವಾ? ಜಪಾನಿನಲ್ಲಿ ಮೊದಲೇ ತಿಳಿಸಿದ್ದಕ್ಕೆ ಬಹಳ ಬೆಲೆ. ಕೂತ ಮೇಲೆ ‘ಅದು ತೆಗೆಯಿರಿ, ಇದು ಬದಲಿಸಿ’ ಎಂದರೆ ಹೋಟೆಲಿನವರು ಗಾಬರಿ ಬೀಳುತ್ತಾರೆ. ಕರೆದವರು ಮುಜುಗರಪಡುತ್ತಾರೆ, ನಾಲ್ಕು ಸಲ ಕ್ಷಮೆ ಕೇಳುತ್ತಾರೆ. ಅದೇ ವಾರ ಮೊದಲು ತಿಳಿಸಿದರೆ ಒಳ್ಳೆಯ ಹೋಟೆಲುಗಳು ನಿಮಗೊಬ್ಬರಿಗೇ ಬೇರೆ ಊಟ ಮಾಡಿಕೊಡುವುದುಂಟು. ಆದ್ದರಿಂದ ಇಲ್ಲಿಂದ ಹೊರಡುವ ಮುಂಚೆಯೇ, ಅಲ್ಲಿ ನಿಮ್ಮ ಕೆಲಸ ನೋಡಿಕೊಳ್ಳುವವರಿಗೆ ಇಮೇಲ್ ಬರೆಯಿರಿ. ಮೇಲಿನ ಪಟ್ಟಿ ಅದರಲ್ಲಿರಲಿ. ‘ಸ್ವಾಗತದ ಊಟ ಇಟ್ಟುಕೊಂಡಿದ್ದರೆ ಇದು ನೆರವಾಗಬಹುದು ಎಂದು ಮೊದಲೇ ತಿಳಿಸುತ್ತಿದ್ದೇನೆ’ ಎಂದು ಒಂದು ಸಾಲು ಸೇರಿಸಿ. ಸಂಕೋಚ ಬೇಡ. ತಿಳಿಸದೆ ಇರುವುದೇ ಅವರ ಲೆಕ್ಕದಲ್ಲಿ ಜಾಸ್ತಿ ತೊಂದರೆ.

ಅದೇ ಪಟ್ಟಿಯನ್ನು ಒಬ್ಬ ಜಪಾನಿ ಸಹೋದ್ಯೋಗಿಯಿಂದ ಜಪಾನಿ ಲಿಪಿಯಲ್ಲಿ ಬರೆಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಫೋನಿನ ಅನುವಾದಕ್ಕಿಂತ ಇದು ಎಷ್ಟೋ ಮೇಲು. ಬಾಯಲ್ಲಿ ಹೇಳಲು ಇಷ್ಟು ಕಲಿತರೆ ಸಾಕು: ‘ನಿಕು, ಸಕಾನಾ, ತಮಾಗೊ ವಾ ತಬೆಮಾಸೆನ್’, ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ‘ಕತ್ಸುಒ ದಾಶಿ ಮೊ ದಾಮೆ ದೆಸು’, ಮೀನಿನ ದಾಶಿಯೂ ಆಗುವುದಿಲ್ಲ. ಕೆಲವರು ಸುಲಭ ಅಂತ ‘ಅಲರ್ಜಿ’ ಎಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಅಲರ್ಜಿ ಎಂದರೆ ಅಲ್ಲಿ ಬಹಳ ಗಂಭೀರ. ಅದೇ ಎಣ್ಣೆ, ಅದೇ ಸೌಟು ಬಳಸುತ್ತೇವೆ ಎಂದು ಏನನ್ನೂ ಬಡಿಸದೆ ಕಳಿಸಿಬಿಡಬಹುದು.

ನೋಮಿಕಾಯ್ ಎಂದು ಕರೆಯುವ ಆಫೀಸಿನ ಸಂಜೆ ಕೂಟಗಳು ಬೇರೆ ಬಗೆ. ಇವು ಹೆಚ್ಚಾಗಿ ಇಜಕಾಯಾ ಎಂಬ ಪಾನಗೃಹಗಳಲ್ಲಿ. ತಟ್ಟೆಗಳು ನಡುವೆ ಬರುತ್ತವೆ, ಎಲ್ಲರೂ ಹಂಚಿಕೊಳ್ಳುತ್ತಾರೆ, ಬಿಲ್ಲನ್ನೂ ಹಂಚಿಕೊಳ್ಳುವುದೇ ಸಾಮಾನ್ಯ. ಇಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಆಸೆ ಬಿಡಿ. ಹೋಗುವ ಮೊದಲೇ ರೂಮಿನಲ್ಲಿ ಏನಾದರೂ ತಿಂದು ಹೋಗಿ. ಅಲ್ಲಿ ಎದಮಾಮೆ ಸಿಗುತ್ತದೆ, ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾಕಾಯಿ. ಹಿಯಾಯಾಕ್ಕೊ ಎಂದರೆ ತಣ್ಣನೆ ತೋಫು, ಮೇಲೆ ಕತ್ಸುಒ ಚೂರು ಉದುರಿಸುವುದು ರೂಢಿ, ಅದಿಲ್ಲದೆ ಕೊಡಿ ಎನ್ನಿ. ಸೌತೆಕಾಯಿಯನ್ನು ಅನ್ನದಲ್ಲಿ ಸುತ್ತಿದ ಕಪ್ಪಾ ಮಾಕಿ, ಆಲೂ ಫ್ರೈ ಸಿಗಬಹುದು. ಫ್ರೈ ಬಗ್ಗೆ ಒಂದು ಎಚ್ಚರಿಕೆ: ಜಪಾನಿನ ಕೆಲವು ಬರ್ಗರ್ ಅಂಗಡಿಗಳಲ್ಲಿ ಕರಿಯುವ ಎಣ್ಣೆಗೆ ದನದ ಕೊಬ್ಬು ಬೆರೆಸಿರುತ್ತಾರೆ. ತರಕಾರಿ ಟೆಂಪುರಾ ಸುರಕ್ಷಿತ ಅಂದುಕೊಳ್ಳಬೇಡಿ, ಹಿಟ್ಟಿಗೆ ಮೊಟ್ಟೆ ಹಾಕುವುದು ಸಾಮಾನ್ಯ. ಕುಡಿಯುವವರಲ್ಲದಿದ್ದರೆ ಊಲಾಂಗ್ ಟೀ ಲೋಟ ಎತ್ತಿ ‘ಕಂಪಾಯ್’ ಎನ್ನಬಹುದು. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮುಖ್ಯ ನೀವು ಬರುವುದು, ತಿನ್ನುವುದಲ್ಲ.

ನೀವು ಹೋಗುತ್ತಿರುವ ಊರಿನ ಬಗ್ಗೆ ಒಂದು ಒಳ್ಳೆಯ ಸುದ್ದಿ, ಒಂದು ಕೆಟ್ಟ ಸುದ್ದಿ. ನಾಗೋಯಾದ ಹೆಸರಾಂತ ತಿಂಡಿಗಳಲ್ಲಿ ಹೆಚ್ಚಿನವು ಹಂದಿ, ಕೋಳಿ, ಹಾವುಮೀನು. ಅತ್ತ ತಲೆ ಹಾಕುವಂತಿಲ್ಲ. ಆದರೆ ಆ ಊರಿನ ಬೆಳಗಿನ ಕಾಫಿಯ ಸಂಪ್ರದಾಯ ನಿಮಗೆಂದೇ ಇದ್ದ ಹಾಗಿದೆ. ಕಾಫಿ ಅಂಗಡಿಯಲ್ಲಿ ಬೆಳಿಗ್ಗೆ ಕಾಫಿ ತೆಗೆದುಕೊಂಡರೆ ಟೋಸ್ಟ್ ಪುಕ್ಕಟೆ. ಜೊತೆಗೆ ಸಾಮಾನ್ಯವಾಗಿ ಬೇಯಿಸಿದ ಮೊಟ್ಟೆ ಕೊಡುತ್ತಾರೆ. 1968ರಲ್ಲಿ ನಾಗೋಯಾದಲ್ಲೇ ಶುರುವಾದ ಕೊಮೆದಾ ಕಾಫಿ ಅಂಗಡಿಗಳಲ್ಲಿ ಮೊಟ್ಟೆಯ ಬದಲು ಒಗುರಾ ಕೇಳಬಹುದು. ಅದು ಕೆಂಪು ಅಜುಕಿ ಕಾಳನ್ನು ಸಕ್ಕರೆ ಹಾಕಿ ಬೇಯಿಸಿದ್ದು. ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಹಚ್ಚಿ ತಿಂದರೆ ಹೋಳಿಗೆಯ ಹೂರಣವನ್ನೇ ಬ್ರೆಡ್ಡಿಗೆ ಹಚ್ಚಿದ ಹಾಗಿರುತ್ತದೆ. ಬ್ರೆಡ್ಡಿನ ಒಳಗಿನ ಕೊಬ್ಬು ಯಾವುದು ಎಂದು ತೀರಾ ಕಟ್ಟುನಿಟ್ಟಿನವರು ಕೇಳಿಕೊಳ್ಳಲಿ.

ಇನ್ನೊಂದು, ಕೊಕೊ ಇಚಿಬಾನ್ಯಾ. ಇದೂ ನಾಗೋಯಾ ಇರುವ ಐಚಿ ಪ್ರಾಂತ್ಯದಲ್ಲೇ 1978ರಲ್ಲಿ ಹುಟ್ಟಿದ ಕರಿ-ರೈಸ್ ಅಂಗಡಿ. ಈಗ ಜಪಾನಿನ ಎಲ್ಲೆಡೆ ಇದೆ. ಇವರ ಮಾಮೂಲಿ ಕರಿ ಬೇಡ. ಪ್ರಾಣಿಜನ್ಯ ಪದಾರ್ಥ ಹಾಕದ ‘ವೆಜಿ ಕರಿ’ ಬೇರೆಯೇ ಇದೆ, ಅದನ್ನು ಕೇಳಿ. ಪಾಲಕ್, ಬದನೆ, ತರಕಾರಿ ಸೇರಿಸಿಕೊಳ್ಳಬಹುದು. ಖಾರದ ಮಟ್ಟವೂ ನಿಮ್ಮ ಆಯ್ಕೆ. ಅಡುಗೆಮನೆ ಮಾತ್ರ ಒಂದೇ, ಅದು ನೆನಪಿರಲಿ. ಅಂಗಡಿಯಲ್ಲಿ ಸಿಗುವ ಜಪಾನಿ ಕರಿಯ ಗಟ್ಟಿ ಬಿಲ್ಲೆ ಕೊಳ್ಳುವಾಗಲೂ ಹುಷಾರು, ಹೆಚ್ಚಿನವುಗಳಲ್ಲಿ ದನ ಅಥವಾ ಹಂದಿಯ ಕೊಬ್ಬು ಇರುತ್ತದೆ. ‘ಇಂಡಿಯನ್ ರೆಸ್ಟೋರೆಂಟ್’ಗಳು ಸಣ್ಣ ಊರುಗಳಲ್ಲೂ ಸಿಗುತ್ತವೆ. ನಡೆಸುವವರು ಬಹುಪಾಲು ನೇಪಾಳದವರು, ಹಿಂದಿಯಲ್ಲಿ ಮಾತಾಡಿದರೆ ಕೆಲಸ ಸಲೀಸು. ನಾನ್ ದೊಡ್ಡದು, ಕರಿ ಸ್ವಲ್ಪ ಸಿಹಿ. ವಾರಕ್ಕೊಮ್ಮೆ ಸರಿ, ದಿನಾ ತಿಂದರೆ ಹೊಟ್ಟೆ ಕೆಡುತ್ತದೆ.

ಸೆವೆನ್-ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಅಂಗಡಿಗಳು ಬಹುಪಾಲು 24 ಗಂಟೆ ತೆರೆದಿರುತ್ತವೆ. ಉಪ್ಪು ಮಾತ್ರ ಹಾಕಿದ ಅನ್ನದ ಉಂಡೆ, ಎದಮಾಮೆ, ತೋಫು, ಬಾಳೆಹಣ್ಣು, ಬೀಜಗಳು, ಚಳಿಗಾಲದಲ್ಲಿ ಸುಟ್ಟ ಗೆಣಸು ಸಿಗುತ್ತವೆ. ಉಮೆ ಎಂಬ ಉಪ್ಪುಹುಳಿ ಕಾಯಿ ಹಾಕಿದ ಅನ್ನದ ಉಂಡೆಯಲ್ಲೂ ಕೆಲವೊಮ್ಮೆ ಕತ್ಸುಒ ಇರುತ್ತದೆ. ಹಣ್ಣಿನ ಮೊಸರಿನಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಇರಬಹುದು. ನಾತ್ತೊ ಎಂಬ ಹುದುಗಿಸಿದ ಸೋಯಾಕಾಳಿನ ಜೊತೆಗಿನ ಸಣ್ಣ ಸಾಸ್ ಪೊಟ್ಟಣದಲ್ಲಿ ದಾಶಿ ಇರುತ್ತದೆ, ಅದನ್ನು ಬಿಟ್ಟು ಬರೀ ಸೋಯಾ ಸಾಸ್ ಹಾಕಿಕೊಳ್ಳಿ. ಮಸಾಲೆ ಹಚ್ಚಿದ ನೋರಿ ಎಂಬ ಕಡಲಕಳೆಯ ಹಾಳೆಗೂ ಸೀಗಡಿ ಸಾರ ಸೇರಿಸುವುದುಂಟು. ಫೋನ್ ಕ್ಯಾಮೆರಾ ಅನುವಾದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊಟ್ಟೆ, ಹಾಲು, ಸೀಗಡಿ, ಏಡಿ ಇವನ್ನು ಅಲರ್ಜಿ ಕಾನೂನಿನ ಪ್ರಕಾರ ಪ್ಯಾಕೆಟ್ ಮೇಲೆ ಹೇಳಲೇಬೇಕು, ಹಾಗಾಗಿ ಮೊಟ್ಟೆ ಪತ್ತೆ ಮಾಡುವುದು ಸುಲಭ. ಕತ್ಸುಒ ಮತ್ತು ಕೋಳಿ, ಹಂದಿಯ ಸಾರ ಆ ಕಡ್ಡಾಯ ಪಟ್ಟಿಯಲ್ಲಿಲ್ಲ. ಅವನ್ನು ಪದಾರ್ಥಗಳ ಸಾಲಿನಲ್ಲೇ ಹುಡುಕಬೇಕು. ಮೊದಲ ವಾರ ಅಂಗಡಿಯಲ್ಲಿ ತಾಸುಗಟ್ಟಲೆ ನಿಲ್ಲುತ್ತೀರಿ. ಆಮೇಲೆ ನಿಮ್ಮದೇ ಹತ್ತು ಹದಿನೈದು ವಸ್ತುಗಳು ಗೊತ್ತಾಗಿಬಿಡುತ್ತವೆ, ಸೀದಾ ಕೈ ಹಾಕಿ ಬರುತ್ತೀರಿ.

ಆದರೆ ಮೂರು ತಿಂಗಳು ಇದರಲ್ಲೇ ನಡೆಯುವುದಿಲ್ಲ. ನಿಮ್ಮ ಸಹೋದ್ಯೋಗಿ ಸೊರಗಿದ್ದು ಸಸ್ಯಾಹಾರದಿಂದಲ್ಲ, ಅಡುಗೆಮನೆ ಇಲ್ಲದ್ದರಿಂದ ಎಂದೇ ನನ್ನ ಅನುಮಾನ. ಕಂಪನಿಯವರ ಹತ್ತಿರ ಬೇರೆ ಏನೇ ಬಿಟ್ಟುಕೊಟ್ಟರೂ ಇದೊಂದನ್ನು ಪಟ್ಟು ಹಿಡಿದು ಕೇಳಿ: ಬಿಸಿನೆಸ್ ಹೋಟೆಲ್ ಬೇಡ, ‘ಮಂತ್ಲಿ ಮ್ಯಾನ್ಶನ್’ ಬೇಕು. ತಿಂಗಳ ಬಾಡಿಗೆಗೆ ಕೊಡುವ, ಒಲೆ, ಫ್ರಿಜ್, ಪಾತ್ರೆ ಇರುವ ಪುಟ್ಟ ಮನೆ ಅದು. ಹೋಟೆಲಿನ ರೂಮಿನಲ್ಲಿ ಸಾಮಾನ್ಯವಾಗಿ ಬಿಸಿನೀರಿನ ಕೆಟಲ್ ಬಿಟ್ಟರೆ ಬೇರೇನಿರುವುದಿಲ್ಲ, ಅಡುಗೆಗೆ ಅನುಮತಿಯೂ ಇರುವುದಿಲ್ಲ.

ಇಲ್ಲಿಂದ ಎಲೆಕ್ಟ್ರಿಕ್ ಕುಕ್ಕರ್, ಕೆಟಲ್ ಒಯ್ಯಬೇಡಿ. ನಮ್ಮದು 230 ವೋಲ್ಟ್, ಅಲ್ಲಿಯದು 100. ಪ್ಲಗ್ ಬದಲಿಸಿದರೆ ಸಾಲದು. ನಮ್ಮ 1500 ವಾಟಿನ ಕೆಟಲ್ ಅಲ್ಲಿ ಸುಮಾರು 280 ವಾಟಿನಷ್ಟೇ ಕಾಯುತ್ತದೆ, ನೀರು ಕುದಿಯುವಷ್ಟರಲ್ಲಿ ಆಫೀಸ್ ಬಸ್ ಹೋಗಿರುತ್ತದೆ. ಸಣ್ಣ ರೈಸ್ ಕುಕ್ಕರ್ ಅಲ್ಲೇ ಕೊಳ್ಳಿ, ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಲೆ ಇಂಡಕ್ಷನ್ ಆಗಿದ್ದರೆ ಮಾಮೂಲಿ ಅಲ್ಯೂಮಿನಿಯಂ ಪ್ರೆಶರ್ ಕುಕ್ಕರ್ ಅದರ ಮೇಲೆ ಬಿಸಿಯಾಗುವುದೇ ಇಲ್ಲ. ಇಂಡಕ್ಷನ್ ತಳದ ಎರಡು ಲೀಟರಿನದು ಒಯ್ಯಿರಿ. ಒಗ್ಗರಣೆ ಹಾಕುವಾಗ ಫ್ಯಾನ್ ಹಚ್ಚುವುದು ಮರೆಯಬೇಡಿ.

ಅಲ್ಲಿನ ಅಕ್ಕಿ ಗಿಡ್ಡ, ಅಂಟಂಟು. ಚಿತ್ರಾನ್ನಕ್ಕೆ ಆಗದು, ಮೊಸರನ್ನಕ್ಕೆ ಸೊಗಸು. ಸಕ್ಕರೆ ಇಲ್ಲದ ಪ್ಲೇನ್ ಮೊಸರು 400 ಗ್ರಾಂ ಡಬ್ಬಿಯಲ್ಲಿ ಎಲ್ಲ ಸೂಪರ್ ಮಾರ್ಕೆಟ್‌ನಲ್ಲೂ ಇರುತ್ತದೆ. ಬದನೆ, ಮೂಲಂಗಿ, ಎಲೆಕೋಸು, ಪಾಲಕ್, ಸಿಹಿಗುಂಬಳ ಸಿಗುತ್ತವೆ. ಬೇಸಿಗೆಯಲ್ಲಿ ಬೆಂಡೆ, ಹಾಗಲ. ಸತೊಇಮೊ ಎಂದು ಮಾರುವುದು ನಮ್ಮ ಕೆಸುವಿನ ಗೆಡ್ಡೆಯೇ. ಕೊನ್ಯಾಕು ಎಂಬ ರಬ್ಬರಿನಂಥ ಬಿಲ್ಲೆ ಸುವರ್ಣಗೆಡ್ಡೆಯ ಸಂಬಂಧಿಯಿಂದ ಮಾಡಿದ್ದು. ತಿಂದರೆ ತಪ್ಪಿಲ್ಲ, ಆದರೆ ಅದರಲ್ಲಿ ಶಕ್ತಿ ಏನೇನೂ ಇಲ್ಲ. ಪ್ರೋಟೀನಿಗೆ ತೋಫು ನಂಬಿ. ಗಟ್ಟಿ ತೋಫು 300 ಗ್ರಾಂ ತಿಂದರೆ 20 ಗ್ರಾಂ ಹತ್ತಿರ ಪ್ರೋಟೀನ್ ಬಂತು. ಪನೀರ್ ಎಂದುಕೊಂಡು ಪಲ್ಯ ಮಾಡಿ, ಯಾರೂ ತಡೆಯುವುದಿಲ್ಲ. ಬಿ12ಗೆ ದಿನಾ ಹಾಲು, ಮೊಸರು ಬಿಡಬೇಡಿ. ಮೊದಲಿನಿಂದಲೂ ಕೊರತೆ ಇದ್ದರೆ ಹೊರಡುವ ಮುನ್ನ ಪರೀಕ್ಷೆ ಮಾಡಿಸಿ ಡಾಕ್ಟರ ಸಲಹೆಯಂತೆ ಮಾತ್ರೆ ಒಯ್ಯಿರಿ. ತೊಗರಿಬೇಳೆ, ಗೋಧಿಹಿಟ್ಟು, ಸಾಸಿವೆ, ಇಂಗು ಹಲಾಲ್ ಅಂಗಡಿಗಳಲ್ಲಿ ಸಿಗುತ್ತವೆ. ಆನ್‌ಲೈನ್‌ನಲ್ಲಿ ತರಿಸಿದರೆ ಮನೆಗೇ ಬರುತ್ತದೆ.

ಹಾಗಾದರೆ ಸೂಟ್‌ಕೇಸಿನಲ್ಲಿ ಏನಿರಬೇಕು? ನೀವು ಹುಬ್ಬಳ್ಳಿಯವರು, ನಿಮಗೆ ನಾನು ಹೇಳಿಕೊಡಬೇಕೇ? ಕಡಕ್ ಜೋಳದ ರೊಟ್ಟಿಗಿಂತ ಒಳ್ಳೆಯ ಪ್ರಯಾಣದ ಊಟವನ್ನು ಯಾರೂ ಕಂಡುಹಿಡಿದಿಲ್ಲ. ನೀರಿನಂಶ ಇಲ್ಲದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ. ಡಬ್ಬಿಯಲ್ಲಿ ಗಾಳಿಯಾಡದಂತೆ ಇಡಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ ಜೊತೆಗಿರಲಿ. ಅಲ್ಲಿನ ಮೊಸರು, ಸೌತೆಕಾಯಿ ಸೇರಿದರೆ ಒಲೆ ಹಚ್ಚದೆ ರಾತ್ರಿಯ ಊಟ ಮುಗಿಯಿತು. ಆಫೀಸ್ ಕ್ಯಾಂಟೀನಿನಲ್ಲಿ ಬರೀ ಅನ್ನ, ಸಲಾಡ್ ಸಿಕ್ಕ ದಿನವೂ ಚಟ್ನಿಪುಡಿ ಕೈ ಹಿಡಿಯುತ್ತದೆ. ಸಲಾಡಿನ ಡ್ರೆಸ್ಸಿಂಗಿನಲ್ಲಿ ಮೊಟ್ಟೆಯೋ ಮೀನೋ ಇರುವ ಸಂಭವ ಜಾಸ್ತಿ, ಅದನ್ನು ಮುಟ್ಟದಿದ್ದರೆ ಒಳ್ಳೆಯದು. ಸಾರಿನ ಪುಡಿ, ಮೆಂತ್ಯದ ಹಿಟ್ಟು, ಗೊಜ್ಜವಲಕ್ಕಿ ಪುಡಿ ಇರಲಿ. ಬಿಸಿನೀರಿನಲ್ಲಿ ಅದ್ದಿ ತಿನ್ನುವ ಸಿದ್ಧ ಬಿಸಿಬೇಳೆ ಭಾತ್, ಪೊಂಗಲ್ ಪೊಟ್ಟಣಗಳು ಕೆಲಸ ತಡವಾದ ರಾತ್ರಿಗಳಿಗೆ. ಅಂದ ಹಾಗೆ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡದ ಈ ಪೊಟ್ಟಣದ ತಂತ್ರಜ್ಞಾನ ನಮ್ಮಲ್ಲಿ ಬೆಳೆದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ, ಸೈನಿಕರಿಗಾಗಿ.

ಹಸಿ ಕರಿಬೇವು, ಹಣ್ಣು, ತರಕಾರಿ, ಬಿತ್ತುವ ಬೀಜ ಮಾತ್ರ ಬೇಡವೇ ಬೇಡ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಜಪಾನಿನ ವಿಮಾನ ನಿಲ್ದಾಣದಲ್ಲಿ ಅವನ್ನು ಬಿಡುವುದಿಲ್ಲ. ಅಕ್ಕಿ, ಬೇಳೆ ಕಟ್ಟಿಕೊಳ್ಳುವ ಗೋಜಿಗೂ ಹೋಗಬೇಡಿ.

ಒಂದು ವಾರಾಂತ್ಯವನ್ನು ಊಟಕ್ಕಾಗಿಯೇ ಮೀಸಲಿಡಿ. ವಾಕಯಾಮ ಪ್ರಾಂತ್ಯದ ಕೋಯಾಸಾನ್ ಬೆಟ್ಟದ ಮಠಗಳಲ್ಲಿ ರಾತ್ರಿ ತಂಗಲು ಬಿಡುತ್ತಾರೆ. ಸಂಜೆ, ಬೆಳಿಗ್ಗೆ ಶೋಜಿನ್ ಊಟ ಕೊಡುತ್ತಾರೆ. ಎಳ್ಳು ರುಬ್ಬಿ ಮಾಡಿದ ತೋಫು, ಒಣಗಿಸಿದ ಕೋಯಾ ತೋಫು, ಅಣಬೆ, ಸೊಪ್ಪು ಎಲ್ಲ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ. ಬುಕ್ ಮಾಡುವಾಗ ಮೀನಿನ ದಾಶಿ ಇಲ್ಲ ತಾನೇ ಎಂದು ಒಮ್ಮೆ ಕೇಳಿಬಿಡಿ. ಜಪಾನಿ ಅಡುಗೆಯ ಮೇಲೆ ಸಿಟ್ಟಾದವರನ್ನು ನಾನು ಅಲ್ಲಿಗೆ ಹೋಗಿ ಬನ್ನಿ ಎನ್ನುತ್ತೇನೆ.

ಕೊನೆಗೆ ವಿಮಾನದ ಊಟ. ಟಿಕೆಟ್ ಬುಕ್ ಮಾಡುವವರು ‘ಹಿಂದೂ ಮೀಲ್’ ಒತ್ತಿಬಿಡುತ್ತಾರೆ. ಅದರಲ್ಲಿ ದನದ ಮಾಂಸ ಇರುವುದಿಲ್ಲ ಅಷ್ಟೇ, ಕೋಳಿ, ಕುರಿ, ಮೀನು ಬರಬಹುದು. ನಿಮಗೆ ಬೇಕಾದ್ದು ಎವಿಎಂಎಲ್ ಎಂಬ ಕೋಡಿನ ಏಷ್ಯನ್ ಅಥವಾ ಇಂಡಿಯನ್ ವೆಜಿಟೇರಿಯನ್ ಮೀಲ್. ವಿಎಲ್‌ಎಂಎಲ್ ಎಂದಿದ್ದರೆ ಅದರಲ್ಲಿ ಮೊಟ್ಟೆ ಇರಬಹುದು. ಕನಿಷ್ಠ 24 ಗಂಟೆ ಮೊದಲು, ಕೆಲವು ವಿಮಾನ ಸಂಸ್ಥೆಗಳಲ್ಲಿ 48 ಗಂಟೆ ಮೊದಲು ತಿಳಿಸಿರಬೇಕು. ಟಿಕೆಟ್ ತಾರೀಕು ಬದಲಾದರೆ ಊಟದ ಕೋಡು ಬಿದ್ದುಹೋಗುವುದುಂಟು, ಮತ್ತೊಮ್ಮೆ ನೋಡಿ. ಸಿಂಗಾಪುರವೋ ಬ್ಯಾಂಕಾಕೋ ದಾಟಿ ಹೋಗುವುದಾದರೆ ಎರಡೂ ವಿಮಾನಗಳಿಗೆ, ಹೋಗುವುದಕ್ಕೂ ಬರುವುದಕ್ಕೂ, ಬೇರೆ ಬೇರೆ ಕೇಳಿ ಖಾತ್ರಿ ಮಾಡಿಕೊಳ್ಳಿ.